ಊರಿಗೊಬ್ಬನೋ, ಉದ್ಯೋಗಕ್ಕೊಬ್ಬನೋ?

ವಿಜಯಪುರದ ಪಂಪು-ಪೈಪಿನ ವ್ಯಾಪಾರಿಯೊಬ್ಬನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ತಲಾ ಒಬ್ಬ ಪ್ರತಿನಿಧಿಯನ್ನು ನೇಮಿಸಿದನೆನ್ನೋಣ. ತಿರುಗಾಟದ ಖರ್ಚು ಉಳಿಯಿತು. ಊರವರ ಪರಿಚಯವೂ ಬೆಳೆಯಿತು. ಆದರೆ ನಿಂಬೆಯ ತೋಟ ಇಂಡಿಯ ಗಡಿಗೇ ನಿಲ್ಲುವುದಿಲ್ಲ, ಸಿಂದಗಿಯಲ್ಲಿಯೂ ಉಂಟು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಗಿಡಗಳು ಒಣಗುತ್ತಿರುವಾಗ ರೈತನಿಗೆ ಬೇಕಾದವನು ಬೆಲೆಪಟ್ಟಿ ಓದುವವನಲ್ಲ, ಹನಿ ನೀರಾವರಿಯ ಮರ್ಮ ಬಲ್ಲವನು. ಅಂಥವನೊಬ್ಬನೇ ಎರಡೂ ತಾಲ್ಲೂಕುಗಳ ತೋಟಗಳನ್ನು ನೋಡಿಕೊಳ್ಳುವುದು ಲೇಸು. ಕೃಷ್ಣೆಯ ದಂಡೆಯ ಮುದ್ದೇಬಿಹಾಳಕ್ಕೆ ಅಲ್ಲಿಯವನೇ ಸಾಕು. ಹಳೆಯ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿರುವ 2,400 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರದ ಟೆಂಡರು ಮಾತ್ರ ಹಳ್ಳಿ ಸುತ್ತುವವನ ಕೈಗೆ ಎಟುಕದು. ಅದಕ್ಕೆ ಬೇರೆಯೇ ಆಳು ಬೇಕು.

ಇಷ್ಟಾದರೂ ಒಂದು ತೊಡಕು: ತಾಲ್ಲೂಕಿನವನು ಹುಡುಕಿದ ಗಿರಾಕಿಗೆ ತಜ್ಞನು ಮಾರಿದರೆ ಕಮಿಷನ್ ಯಾರಿಗೆ? ಮೊದಲೇ ಬರೆದಿಡದಿದ್ದರೆ ಇಬ್ಬರೂ ಗಿರಾಕಿಯ ಅಂಗಳದಲ್ಲೇ ಜಗಳಕ್ಕೆ ನಿಂತಾರು.