ಫಲಕ ಒಂದು, ಪದ್ಧತಿ ಹಲವು: ಸಮನ್ವಯ ಚಿಕಿತ್ಸಾಲಯದಲ್ಲಿ ಯಾರು ಯಾರು?

ಅಡುಗೆಮನೆಯ ಕಪಾಟಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ, ಊಟದ ಮೇಜಿನ ಮೇಲೆ ಕಷಾಯದ ಬಾಟಲಿ, ದೇವರ ಕೋಣೆಯ ಗೂಡಿನಲ್ಲಿ ಹೋಮಿಯೋಪಥಿಯ ಬಿಳಿ ಗುಳಿಗೆ. ನಗರದ ಅನೇಕ ಮನೆಗಳಲ್ಲಿ ಕಾಣಸಿಗುವ ನೋಟವಿದು. ಮೂರನ್ನೂ ಸೇವಿಸುವ ಹಿರಿಯರು ಒಬ್ಬರೇ. ಬರೆದುಕೊಟ್ಟ ವೈದ್ಯರು ಮಾತ್ರ ಮೂವರು. ಒಬ್ಬರು ಕೊಟ್ಟ ಔಷಧ ಮತ್ತೊಬ್ಬರಿಗೆ ತಿಳಿದಿಲ್ಲ. ಎಲ್ಲಿ ಬೈಗುಳ ಕೇಳಬೇಕಾಗುತ್ತದೋ ಎಂಬ ಅಳುಕಿನಿಂದ ರೋಗಿಯೂ ಬಾಯಿ ಬಿಡುವುದಿಲ್ಲ.

ಈ ಮೂವರನ್ನೂ ಒಂದೇ ಸೂರಿನಡಿ ಕೂರಿಸಿ, ರೋಗವನ್ನಷ್ಟೇ ಅಲ್ಲದೆ ರೋಗಿಯನ್ನು ಇಡಿಯಾಗಿ ನೋಡುತ್ತೇವೆ ಎಂಬುದು ಸಮನ್ವಯ ಚಿಕಿತ್ಸಾಲಯಗಳ ಭರವಸೆ. 'ಹೋಲಿಸ್ಟಿಕ್', 'ಇಂಟಿಗ್ರೇಟಿವ್', 'ಸಮಗ್ರ ಆರೋಗ್ಯ' ಎಂಬ ಫಲಕಗಳು ರಾಜ್ಯದ ದೊಡ್ಡ ನಗರಗಳಲ್ಲಿ ಇಂದು ಅಪರೂಪವಲ್ಲ. ಆದರೆ ಆ ಫಲಕದ ಹಿಂದೆ ಕುಳಿತವರು ಯಾರು? ಅವರ ಓದು ಏನು? ಕಾನೂನು ಅವರಿಗೆ ಏನನ್ನು ಅನುಮತಿಸಿದೆ, ಏನನ್ನು ನಿಷೇಧಿಸಿದೆ? ಒಳಗೆ ಕಾಲಿಡುವ ಮುನ್ನ ಇಷ್ಟನ್ನಾದರೂ ತಿಳಿದಿರುವುದು ಕ್ಷೇಮ.

ಹೆಸರುಗಳ ಗೊಂದಲ

ಆಧುನಿಕ ವೈದ್ಯದ ಬದಲಿಗೆ ಬೇರೊಂದು ಪದ್ಧತಿಯನ್ನು ಅನುಸರಿಸುವುದು ಪರ್ಯಾಯ ಚಿಕಿತ್ಸೆ. ಆಧುನಿಕ ಚಿಕಿತ್ಸೆಯ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳುವುದು ಪೂರಕ ಚಿಕಿತ್ಸೆ. ಎರಡೂ ಕಡೆಯ ವೈದ್ಯರು ಪರಸ್ಪರ ಚರ್ಚಿಸಿ, ಒಂದೇ ಯೋಜನೆಯಡಿ ರೋಗಿಯನ್ನು ನೋಡಿಕೊಳ್ಳುವುದು ಸಮನ್ವಯ ಚಿಕಿತ್ಸೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಡಿ 1998ರಲ್ಲಿ ಸ್ಥಾಪನೆಯಾದ ಕೇಂದ್ರದ ಹೆಸರಿನಲ್ಲಿ ಮೊದಲು 'ಪರ್ಯಾಯ' ಎಂಬ ಪದವಿತ್ತು. 2014ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟು 'ಸಮನ್ವಯ' ಎಂಬ ಅರ್ಥದ ಪದವನ್ನು ಸೇರಿಸಲಾಯಿತು.

ಇದು ಬರಿಯ ಹೆಸರಿನ ವ್ಯತ್ಯಾಸವಲ್ಲ. 'ಬದಲಿಗೆ' ಮತ್ತು 'ಜೊತೆಗೆ' ಎಂಬ ಎರಡು ಪದಗಳ ನಡುವಿನ ಅಂತರ ಕೆಲವೊಮ್ಮೆ ರೋಗಿಯ ಪ್ರಾಣದಷ್ಟೇ ದೊಡ್ಡದು. ಗುಣಪಡಿಸಬಹುದಾದ ಹಂತದಲ್ಲಿದ್ದ ಸ್ತನ, ಶ್ವಾಸಕೋಶ, ಕರುಳು ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳನ್ನು ಕುರಿತು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಆಧುನಿಕ ಚಿಕಿತ್ಸೆಯನ್ನು ತೊರೆದು ಪರ್ಯಾಯವನ್ನೇ ನೆಚ್ಚಿದ 281 ಮಂದಿಯ ಗುಂಪಿನಲ್ಲಿ ಸಾವಿನ ಅಪಾಯವು ಆಧುನಿಕ ಚಿಕಿತ್ಸೆ ಪಡೆದವರಿಗಿಂತ ಸುಮಾರು 2.5 ಪಟ್ಟು ಹೆಚ್ಚಿತ್ತು.

ಒಳಗೆ ಕುಳಿತವರು ಯಾರು?

ಸಮನ್ವಯ ಚಿಕಿತ್ಸಾಲಯದಲ್ಲಿ ಸಾಮಾನ್ಯವಾಗಿ ಕಾಣಸಿಗುವವರನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯವರು ಎಂ.ಬಿ.ಬಿ.ಎಸ್. ಅಥವಾ ಅದರ ಮೇಲಿನ ಪದವಿ ಪಡೆದ ಆಧುನಿಕ ವೈದ್ಯರು. ಇವರು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಗೆ ಒಳಪಟ್ಟವರು.

ಎರಡನೆಯವರು ಆಯುಷ್ ವೈದ್ಯರು. ಆಯುರ್ವೇದದ ಬಿ.ಎ.ಎಂ.ಎಸ್., ಯುನಾನಿಯ ಬಿ.ಯು.ಎಂ.ಎಸ್., ಹೋಮಿಯೋಪಥಿಯ ಬಿ.ಎಚ್.ಎಂ.ಎಸ್. ಹಾಗೂ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿ.ಎನ್.ವೈ.ಎಸ್. ಪದವೀಧರರು ಇವರಲ್ಲಿ ಸೇರಿದ್ದಾರೆ. ಈ ಪದವಿಗಳು ನಾಲ್ಕೂವರೆ ವರ್ಷಗಳ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಒಳಗೊಂಡಂಥವು. ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳಿಗೆ ಒಂದು, ಹೋಮಿಯೋಪಥಿಗೆ ಇನ್ನೊಂದು ಎಂಬಂತೆ 2020ರಲ್ಲಿ ಎರಡು ಪ್ರತ್ಯೇಕ ರಾಷ್ಟ್ರೀಯ ಆಯೋಗಗಳ ಕಾಯ್ದೆಗಳು ಅಂಗೀಕಾರವಾದವು. ಪ್ರಕೃತಿ ಚಿಕಿತ್ಸೆ ಈ ಎರಡರಲ್ಲೂ ಸೇರಿಲ್ಲ. ಆದರೆ ಕರ್ನಾಟಕದಲ್ಲಿ ಆಯುರ್ವೇದ, ಯುನಾನಿ, ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವೈದ್ಯರ ನೋಂದಣಿಗೆ 1961ರಷ್ಟು ಹಿಂದೆಯೇ ಕಾಯ್ದೆಯಾಗಿದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಪ್ರಕೃತಿ ಚಿಕಿತ್ಸಾ ಕಾಲೇಜು ಈ ಕ್ಷೇತ್ರದಲ್ಲಿ ರಾಜ್ಯಕ್ಕೆ ಹೆಸರು ತಂದಿದೆ.

ಮೂರನೆಯವರು ವೈದ್ಯರಲ್ಲದ ಚಿಕಿತ್ಸಕರು: ಯೋಗ ಚಿಕಿತ್ಸಕರು, ಫಿಸಿಯೋಥೆರಪಿಸ್ಟರು, ಆಹಾರ ತಜ್ಞರು, ಮನಃಶಾಸ್ತ್ರಜ್ಞರು, ಪಂಚಕರ್ಮ ಸಹಾಯಕರು. ಇವರಲ್ಲಿ ಚಿಕಿತ್ಸಾ ಮನಃಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಫಿಸಿಯೋಥೆರಪಿಸ್ಟರು ಮತ್ತು ಆಹಾರ ತಜ್ಞರು 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಇವರ ಕೆಲಸ ಮಹತ್ವದ್ದೇ. ಆದರೆ ರೋಗ ಇಂಥದ್ದೇ ಎಂದು ನಿರ್ಧರಿಸುವುದು, ಔಷಧ ಬರೆಯುವುದು ಅಥವಾ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವಂತೆ ಹೇಳುವುದು ಇವರ ಕೆಲಸವಲ್ಲ.

ಈ ಮೂರೂ ವರ್ಗಗಳ ಹೊರಗೆ ಇನ್ನೊಂದು ಗುಂಪಿದೆ. ವಾರಾಂತ್ಯದ ತರಬೇತಿ ಅಥವಾ ಅಂಚೆ ಶಿಕ್ಷಣದ ಮೂಲಕ 'ಪರ್ಯಾಯ ವೈದ್ಯ'ದ ಪ್ರಮಾಣಪತ್ರ ಪಡೆದು ಗೋಡೆಗೆ ತೂಗುಹಾಕಿದವರು ಇವರು. ಇಂತಹ ಪ್ರಮಾಣಪತ್ರಗಳು ವೈದ್ಯ ನೋಂದಣಿಗೆ ಅರ್ಹವಲ್ಲ.

ಕಾನೂನು ಎಳೆದ ಗೆರೆ

ಒಂದೇ ಸೂರಿನಡಿ ಕುಳಿತ ಮಾತ್ರಕ್ಕೆ ಒಬ್ಬರ ಅಧಿಕಾರ ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಹೋಮಿಯೋಪಥಿ ವೈದ್ಯರೊಬ್ಬರು ಜ್ವರಪೀಡಿತ ರೋಗಿಗೆ ಅಲೋಪಥಿ ಔಷಧಗಳನ್ನು ನೀಡಿದ್ದು, ರೋಗಿ ಮೃತಪಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿತು. ಪೂನಂ ವರ್ಮಾ ಪ್ರಕರಣವೆಂದೇ ಪ್ರಸಿದ್ಧವಾದ ಈ ತೀರ್ಪಿನಲ್ಲಿ ನ್ಯಾಯಾಲಯವು, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವವರನ್ನು ನಕಲಿ ವೈದ್ಯರೆಂದೇ ಪರಿಗಣಿಸಬೇಕಾಗುತ್ತದೆ ಎಂಬ ನಿಲುವು ತಳೆಯಿತು. 1998ರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ, ಭಾರತೀಯ ಪದ್ಧತಿಯ ವೈದ್ಯರು ಆಧುನಿಕ ಔಷಧಗಳನ್ನು ಬರೆಯಬೇಕಾದರೆ ಸಂಬಂಧಪಟ್ಟ ರಾಜ್ಯದ ಕಾನೂನಿನ ಸಮ್ಮತಿ ಇರಲೇಬೇಕು ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಬೇಕು. ನೋಂದಣಿ ಸಂಖ್ಯೆಯುಳ್ಳ ಫಲಕವನ್ನು ಎದ್ದು ಕಾಣುವಂತೆ ಹಾಕಬೇಕು, ಅಲೋಪಥಿ ಸಂಸ್ಥೆಗಳ ಫಲಕ ತಿಳಿನೀಲಿ ಹಾಗೂ ಆಯುರ್ವೇದ ಸಂಸ್ಥೆಗಳ ಫಲಕ ಹಸಿರು ಬಣ್ಣದಲ್ಲಿರಬೇಕು ಎಂದು ರಾಜ್ಯ ಸರ್ಕಾರ 2024ರಲ್ಲಿ ಸೂಚಿಸಿತು. ನಕಲಿ ವೈದ್ಯರ ಹಾವಳಿ ತಡೆಯಲು ಇದೊಂದು ಉಪಯುಕ್ತ ಕ್ರಮವೇ ಸರಿ. ಆದರೆ ಬಣ್ಣವು ಸಂಸ್ಥೆಯ ಪದ್ಧತಿಯನ್ನಷ್ಟೇ ಸೂಚಿಸುತ್ತದೆ. ಎದುರಿನ ಕುರ್ಚಿಯಲ್ಲಿ ಕುಳಿತ ವ್ಯಕ್ತಿಯ ವಿದ್ಯಾರ್ಹತೆಯನ್ನು ರೋಗಿಯೇ ಕೇಳಿ ತಿಳಿಯಬೇಕು.

ಕಾಸರಗೋಡಿನ ಮಾದರಿ

ಹಾಗಾದರೆ ನಿಜವಾದ ಸಮನ್ವಯ ಹೇಗಿರುತ್ತದೆ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಗಡಿ ಜಿಲ್ಲೆ ಕಾಸರಗೋಡಿನಲ್ಲಿ ಚರ್ಮರೋಗ ತಜ್ಞ ಡಾ. ಎಸ್.ಆರ್. ನರಹರಿ ಅವರು 1999ರಲ್ಲಿ ಸ್ಥಾಪಿಸಿದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯು ಆನೆಕಾಲು ರೋಗಿಗಳ ಆರೈಕೆಯಲ್ಲಿ ಅಂತಹದೊಂದು ಮಾದರಿಯನ್ನು ರೂಪಿಸಿದೆ.

ಸೊಳ್ಳೆಯ ಮೂಲಕ ಹರಡುವ ಫೈಲೇರಿಯಾ ಹುಳು ದೇಹದ ದುಗ್ಧರಸ ನಾಳಗಳನ್ನು ಹಾಳುಗೆಡಹುತ್ತದೆ. ದ್ರವ ಹರಿಯದೆ ಕಾಲು ಊದಿಕೊಳ್ಳುತ್ತದೆ. ಬೆರಳ ಸಂದಿಯ ಬಿರುಕುಗಳ ಮೂಲಕ ಬ್ಯಾಕ್ಟೀರಿಯಾ ಒಳನುಗ್ಗಿ ಮತ್ತೆ ಮತ್ತೆ ಜ್ವರ ಬರುತ್ತದೆ. ಪ್ರತಿ ಜ್ವರದ ನಂತರ ಊತ ಇನ್ನಷ್ಟು ಹೆಚ್ಚುತ್ತದೆ. ಸರ್ಕಾರ ಸಾಮೂಹಿಕವಾಗಿ ವಿತರಿಸುವ ಮಾತ್ರೆಗಳು ಸೋಂಕು ಹರಡುವುದನ್ನು ತಡೆಯುತ್ತವೆಯೇ ಹೊರತು, ಈಗಾಗಲೇ ಊದಿದ ಕಾಲನ್ನು ಮೊದಲಿನಂತೆ ಮಾಡಲಾರವು.

ಇಲ್ಲಿ ಒಂದು ಪದ್ಧತಿ ಕೈಚೆಲ್ಲಿದ ಕಡೆ ಇನ್ನೊಂದು ಕೈಜೋಡಿಸುತ್ತದೆ. ರೋಗ ನಿರ್ಣಯ ಮತ್ತು ಸೋಂಕಿನ ಚಿಕಿತ್ಸೆ ಆಧುನಿಕ ವೈದ್ಯರದ್ದು. ಕಾಲನ್ನು ಸಾಬೂನಿನಿಂದ ತೊಳೆದು ಒರೆಸಿದ ಬಳಿಕ, ಆಯುರ್ವೇದ ವೈದ್ಯರು ಸೂಚಿಸಿದ ಗಿಡಮೂಲಿಕೆಗಳ 'ಫಾಂಟ'ದಲ್ಲಿ ಅದನ್ನು ನೆನೆಸಲಾಗುತ್ತದೆ. ಯೋಗ ಚಿಕಿತ್ಸಕರು ಉಸಿರಾಟ ಮತ್ತು ಕೀಲುಗಳ ಚಲನೆಯ ಅಭ್ಯಾಸಗಳನ್ನು ಕಲಿಸುತ್ತಾರೆ. ಬಳಿಕ ಹಗುರವಾದ ನೀವುವಿಕೆ, ಕೊನೆಯಲ್ಲಿ ಒತ್ತಡದ ಬ್ಯಾಂಡೇಜ್. ಇವೆಲ್ಲವನ್ನೂ ರೋಗಿ ಮತ್ತು ಮನೆಯವರಿಗೆ ಕಲಿಸಿ, ಮನೆಯಲ್ಲಿಯೇ ಮುಂದುವರಿಸುವಂತೆ ಮಾಡಲಾಗುತ್ತದೆ. ಆನೆಕಾಲು ರೋಗ ಹೆಚ್ಚಾಗಿದ್ದ ಕಲಬುರಗಿ ಹಾಗೂ ಕೇರಳದ ಆಲಪ್ಪುಳ ಜಿಲ್ಲೆಗಳಲ್ಲಿ ಈ ವಿಧಾನವನ್ನು ಸಮುದಾಯ ಮಟ್ಟದಲ್ಲಿ ಪ್ರಯೋಗಿಸಿ, ಅದರ ಫಲಿತಾಂಶವನ್ನು 2013ರಲ್ಲಿ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು.

ಈ ಮಾದರಿಯಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಪ್ರತಿಯೊಬ್ಬ ಚಿಕಿತ್ಸಕರ ಪಾಲಿನ ಕೆಲಸ ಮೊದಲೇ ನಿಗದಿಯಾಗಿದೆ. ಎಲ್ಲರೂ ಒಬ್ಬನೇ ರೋಗಿಗೆ ಒಂದೇ ಯೋಜನೆಯಂತೆ ಚಿಕಿತ್ಸೆ ನೀಡುತ್ತಾರೆ. ಕಾಲಿನ ಊತ ಎಷ್ಟು ಇಳಿಯಿತು ಎಂಬುದನ್ನು ಅಳತೆ ಮಾಡಿ ನೋಡಲಾಗುತ್ತದೆ. 'ಆರಾಮ ಎನಿಸುತ್ತಿದೆ' ಎಂಬ ಮಾತಷ್ಟೇ ಆಧಾರವಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೇ ಹಾದಿಯಲ್ಲಿದೆ. ಅಲ್ಲಿ ಸಮನ್ವಯ ವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಸ್ಕಿಜೋಫ್ರೇನಿಯಾ ರೋಗಿಗಳಿಗೆ ಯೋಗದಿಂದಾಗುವ ಪ್ರಯೋಜನ ಕುರಿತು ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 61 ರೋಗಿಗಳು ಭಾಗವಹಿಸಿದ್ದರು. ವ್ಯಾಯಾಮ ಮಾಡಿದ ಗುಂಪಿಗಿಂತ ಯೋಗ ಮಾಡಿದ ಗುಂಪಿನಲ್ಲಿ ರೋಗಲಕ್ಷಣಗಳು ಹೆಚ್ಚು ತಗ್ಗಿದ್ದವು. ಆದರೆ ಯೋಗವನ್ನು ಇಲ್ಲಿ ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ ನೀಡಲಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಅಪಾಯ ಎಲ್ಲಿದೆ?

ಗಿಡಮೂಲಿಕೆ ಎಂದರೆ ಅಡ್ಡಪರಿಣಾಮವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಔಷಧವಾಗಿ ಕೆಲಸ ಮಾಡಬಲ್ಲ ವಸ್ತು ಅಡ್ಡಪರಿಣಾಮವನ್ನೂ ಉಂಟುಮಾಡಬಲ್ಲದು ಎಂಬುದು ಸರಳ ಸತ್ಯ. ಕೆಮ್ಮಿಗೆ ಬಳಸುವ ಅತಿಮಧುರವನ್ನು ಹೆಚ್ಚು ದಿನ ಸೇವಿಸಿದರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿಯಬಹುದು. ಅಶ್ವಗಂಧ ಥೈರಾಯ್ಡ್ ಹಾರ್ಮೋನಿನ ಮಟ್ಟದ ಮೇಲೆ ಪರಿಣಾಮ ಬೀರಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಹಾಗಲಕಾಯಿ ರಸ, ಮೆಂತ್ಯದ ಪುಡಿ ಸೇರಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವ ಸಾಧ್ಯತೆಯಿದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಅವರು ಸೇವಿಸಿದ್ದು ಅಮೃತಬಳ್ಳಿಯೇ ಎಂಬುದು ಖಚಿತವಾಗಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪ ವ್ಯಕ್ತಪಡಿಸಿತ್ತು.

ಇನ್ನೊಂದು ಪ್ರಶ್ನೆ ಔಷಧದ ಗುಣಮಟ್ಟದ್ದು. ಅಂತರ್ಜಾಲದ ಮೂಲಕ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು, ಐದರಲ್ಲಿ ಒಂದರಷ್ಟು ಉತ್ಪನ್ನಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2008ರಲ್ಲಿ ವರದಿ ಮಾಡಿದರು. ಭಸ್ಮ, ರಸೌಷಧಿಗಳನ್ನು ನೋಂದಾಯಿತ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದೆನ್ನುವುದು ಇದೇ ಕಾರಣಕ್ಕೆ.

ಎಲ್ಲ ಪದ್ಧತಿಗಳ ಹಿಂದಿರುವ ಪುರಾವೆ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಲೇಬೇಕು. ದೀರ್ಘಕಾಲದ ಬೆನ್ನುನೋವಿಗೆ ಯೋಗ, ಆಕ್ಯುಪಂಕ್ಚರ್ ಮೊದಲಾದವುಗಳನ್ನು ಅಮೆರಿಕದ ವೈದ್ಯರ ಸಂಘಟನೆಯೊಂದು 2017ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಹೋಮಿಯೋಪಥಿಯಾದರೋ ಯಾವುದೇ ಕಾಯಿಲೆಯಲ್ಲಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಸಿಗಲಿಲ್ಲವೆಂದು ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೇಳಿತು. ಪ್ರಾಮಾಣಿಕ ಚಿಕಿತ್ಸಾಲಯವು ಈ ವ್ಯತ್ಯಾಸವನ್ನು ರೋಗಿಯಿಂದ ಮುಚ್ಚಿಡುವುದಿಲ್ಲ.

ರೋಗಿ ಕೇಳಬೇಕಾದ ಪ್ರಶ್ನೆಗಳು

* ನನ್ನನ್ನು ನೋಡುತ್ತಿರುವವರ ಪದವಿ ಯಾವುದು? ಯಾವ ಪರಿಷತ್ತು ಅಥವಾ ಮಂಡಳಿಯಲ್ಲಿ ನೋಂದಣಿಯಾಗಿದೆ?

* ನನ್ನ ಚಿಕಿತ್ಸೆಯ ಒಟ್ಟು ಹೊಣೆ ಯಾರದು? ರಾತ್ರಿ ಎದೆನೋವು ಬಂದರೆ ಯಾರಿಗೆ ಕರೆ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು?

* ಎಲ್ಲ ಚಿಕಿತ್ಸಕರೂ ನೋಡುವ ಒಂದೇ ಕಡತ ಇದೆಯೇ?

* ಈಗ ಸೇವಿಸುತ್ತಿರುವ ಔಷಧಗಳ ಜೊತೆ ಹೊಸ ಔಷಧ ಹೊಂದುತ್ತದೆಯೇ? ಅದರಲ್ಲಿ ಏನೇನಿದೆ?

* ಎಷ್ಟು ದಿನಗಳಲ್ಲಿ ಗುಣ ಕಾಣಬೇಕು? ಕಾಣದಿದ್ದರೆ ಮುಂದೇನು?

ಈ ಪ್ರಶ್ನೆಗಳಿಗೆ ಮುಖ ಸಿಂಡರಿಸದೆ ಉತ್ತರಿಸುವ ಚಿಕಿತ್ಸಾಲಯವನ್ನು ನಂಬಬಹುದು. 'ಇನ್ಸುಲಿನ್ ನಿಲ್ಲಿಸಿ', 'ಕಿಮೋ ಬೇಡ', 'ಮೂರ್ಛೆ ರೋಗದ ಮಾತ್ರೆ ಬಿಟ್ಟುಬಿಡಿ' ಎಂದು ಮೊದಲ ಭೇಟಿಯಲ್ಲಿಯೇ ಹೇಳುವವರು ಎಷ್ಟೇ ನಯವಾಗಿ ಮಾತನಾಡಿದರೂ ಅಲ್ಲಿಂದ ಎದ್ದು ಬರುವುದು ಲೇಸು. ಯಾವುದು ತಮ್ಮ ಕೈಲಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಬಲ್ಲ ವೈದ್ಯರು ಒಬ್ಬರನ್ನೊಬ್ಬರು ಕೇಳಿ ನಡೆಯುವುದೇ ಸಮನ್ವಯ.

ರೋಗಿಯ ಪಾಲಿನ ಕರ್ತವ್ಯವೂ ಒಂದಿದೆ. ಮುಂದಿನ ಸಲ ಯಾವುದೇ ವೈದ್ಯರಲ್ಲಿಗೆ ಹೋಗುವಾಗ ಕಪಾಟಿನ ಮಾತ್ರೆ, ಮೇಜಿನ ಕಷಾಯ, ಗೂಡಿನ ಗುಳಿಗೆ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರ ಮುಂದೆ ಇಡಿ. ಬೈದರೆ ಬೈಯಲಿ. ಮುಚ್ಚಿಟ್ಟರೆ ಆಗಬಹುದಾದ ಹಾನಿ ಅದಕ್ಕಿಂತ ದೊಡ್ಡದು.