ಜಾಕ್ ಎತ್ತಲಿಕ್ಕೆ, ಹೊರಲಿಕ್ಕಲ್ಲ
ಹಳೆ ಕಾರನ್ನು ಮನೆಯಲ್ಲೇ ರಿಪೇರಿ ಮಾಡುವವರಿಗೆ ಕಿವಿಮಾತು

ಸೊಲ್ಲಾಪುರ, ಅಕ್ಕಲಕೋಟ ಭಾಗದ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯ ಹಿತ್ತಲಲ್ಲೋ, ತೋಟದ ಬೇವಿನ ಮರದ ನೆರಳಲ್ಲೋ ‘ಎಂಎಚ್ 13’ ಫಲಕದ ಹಳೆ ಮಾರುತಿ 800 ನಿಂತಿರುವುದು ಈಗಲೂ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಅಂಬಾಸಿಡರ್, ಜನ ‘ಫಿಯಾಟ್’ ಎಂದೇ ಕರೆಯುವ ಪ್ರೀಮಿಯರ್ ಪದ್ಮಿನಿಯೂ ಉಂಟು. ಪದ್ಮಿನಿಗೂ ಸೊಲ್ಲಾಪುರಕ್ಕೂ ಹಳೆಯ ನಂಟು. ಅದನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದ ಉದ್ಯಮಿ ವಾಲಚಂದ ಹಿರಾಚಂದ ಅವರು 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲೇ.

ಅಂಬಾಸಿಡರ್ ಮತ್ತು ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಆದರೆ ಮನೆಯಂಗಳದ ಗಾಡಿ ನಿಂತಿಲ್ಲ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ಆರ್‌ಟಿಒ ತಪಾಸಣೆ ಆಗಬೇಕು. ಹೀಗಾಗಿ ಬ್ರೇಕ್, ಸೈಲೆನ್ಸರ್ ರಿಪೇರಿ ಬಂದೇ ಬರುತ್ತದೆ. ‘ಐದ್ ಮಿನಿಟಿನ ಕೆಲಸ ಅದ, ಗ್ಯಾರೇಜಿಗೆ ಯಾಕ ಒಯ್ಯೋದು?’ ಎಂದು ಜಾಕ್ ಹಚ್ಚಿ ಗಾಡಿಯ ಕೆಳಗೆ ತೂರುವವರು ಕಡಿಮೆಯಿಲ್ಲ. ಜೀವಕ್ಕೆ ಅಪಾಯ ಇರುವುದು ಆ ಐದು ನಿಮಿಷದಲ್ಲೇ.

ಪದ್ಮಿನಿಯ ತೂಕ ಸುಮಾರು 9 ಕ್ವಿಂಟಲ್. ಮಾರುತಿ 800 ಸುಮಾರು ಆರೂವರೆ ಕ್ವಿಂಟಲ್. ಪದ್ಮಿನಿಯ ಒಂದು ಮೂಲೆ ಎದೆಯ ಮೇಲೆ ಕುಳಿತರೆ ಎರಡು ಚೀಲ ಜೋಳಕ್ಕಿಂತ ಹೆಚ್ಚಿನ ಭಾರ. ಮಲಗಿದವನಿಗೆ ಕೂಗಲಿಕ್ಕೂ ಉಸಿರು ಇರುವುದಿಲ್ಲ.

ಜಾಕ್ ಯಾಕೆ ನಂಬಬಾರದು?

ಹೈಡ್ರಾಲಿಕ್ ಜಾಕ್ ಭಾರ ಹೊರುವುದು ಒಳಗಿನ ಎಣ್ಣೆಯ ಒತ್ತಡದ ಮೇಲೆ. ಆ ಎಣ್ಣೆಯನ್ನು ತಡೆಯುವುದು ಸಣ್ಣ ರಬ್ಬರ್ ಸೀಲು. ವರ್ಷಗಟ್ಟಲೆ ಡಿಕ್ಕಿಯಲ್ಲಿ ಬಿದ್ದು ಬೇಸಿಗೆಯ ಬಿಸಿ ಉಂಡ ಸೀಲು ಗಡಸಾಗಿ ಬಿರಿಯುತ್ತದೆ. ಆಗ ಜಾಕ್ ಒಮ್ಮೆ ಮೆಲ್ಲಗೆ ಇಳಿಯುತ್ತದೆ, ಒಮ್ಮೆ ಒಮ್ಮೆಲೇ ಕುಸಿಯುತ್ತದೆ. ಗಾಡಿಯ ಜೊತೆ ಬರುವ ಕತ್ತರಿ ಜಾಕಿನಲ್ಲಿ ಎಣ್ಣೆ ಇಲ್ಲ, ಖರೆ. ಆದರೆ ಅದರ ಕಾಲು ಸಣ್ಣದು. ಪಾನಾ ಹಚ್ಚಿ ಜೋರಾಗಿ ಜಗ್ಗಿದರೆ ವಾಲಿಬಿಡುತ್ತದೆ. ಅದು ದಾರಿಯಲ್ಲಿ ಸ್ಟೆಪ್ನಿ ಬದಲಿಸಲಿಕ್ಕೆ ಕೊಟ್ಟದ್ದು, ಕೆಳಗೆ ಮಲಗಿ ಕೆಲಸ ಮಾಡಲಿಕ್ಕಲ್ಲ.

ಮೊದಲು ನೆಲ ನೋಡಿ

ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ಕಾಣುತ್ತದೆ, ಒಂದು ಮಳೆಗೆ ಬೆಣ್ಣೆಯಾಗುತ್ತದೆ. ಅದರ ಮೇಲೆ ಇಟ್ಟ ಜಾಕಿನ ಕಾಲು ಒಂದು ಮಗ್ಗುಲಿಗೆ ಇಳಿದರೆ ಗಾಡಿಯೂ ಅದೇ ಮಗ್ಗುಲಿಗೆ. ಅಂಗಳದ ಶಹಾಬಾದ್ ಫರಸಿಯೂ ಪೂರ್ತಿ ಭರವಸೆಯದಲ್ಲ. ಕೆಳಗೆ ಟೊಳ್ಳಿದ್ದರೆ ಭಾರ ಬಿದ್ದ ಜಾಗದಲ್ಲಿ ಫಟ್ಟನೆ ಒಡೆಯುತ್ತದೆ. ಸಮತಟ್ಟಾದ ಕಾಂಕ್ರೀಟ್ ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ಗಟ್ಟಿಸಿದ ಒಣ ನೆಲದ ಮೇಲೆ ಎರಡು ಇಂಚು ದಪ್ಪದ, ಒಂದಡಿ ಅಗಲದ ಗಟ್ಟಿ ಹಲಗೆ ಹಾಸಿ. ಇಳಿಜಾರಿನಲ್ಲಿ, ಮಳೆ ಬಂದ ಮರುದಿನ ಈ ಕೆಲಸ ಬೇಡವೇ ಬೇಡ.

ಗಾಲಿಗೆ ಅಡ್ಡ ಕೊಡಿ

ಹ್ಯಾಂಡ್‌ಬ್ರೇಕ್ ಹಾಕಿದೆ, ಗೇರಿನಲ್ಲಿ ಬಿಟ್ಟೆ, ಸಾಕು ಎನ್ನಬೇಡಿ. ಅಂಬಾಸಿಡರ್, ಪದ್ಮಿನಿಗಳಲ್ಲಿ ಇಂಜಿನ್ನಿನ ಎಳೆತ ಹಿಂದಿನ ಗಾಲಿಗಳಿಗೆ. ಗೇರು ಹಿಡಿಯುವುದೂ ಅವನ್ನೇ. ಹಿಂದಿನ ಒಂದು ಗಾಲಿ ಎತ್ತಿದರೆ ಸಾಕು, ನೆಲದ ಗಾಲಿ ಒಂದು ಕಡೆ ಉರುಳುವಾಗ ಎತ್ತಿದ ಗಾಲಿ ಇನ್ನೊಂದು ಕಡೆ ತಿರುಗಿಕೊಳ್ಳುತ್ತದೆ. ಡಿಫರೆನ್ಶಿಯಲ್ಲಿನ ಗುಣವೇ ಅದು. ಗೇರು ಇದ್ದೂ ಇಲ್ಲದಂತೆ. ಹಿಂದಿನ ಬ್ರೇಕ್ ಡ್ರಮ್ಮು ಬಿಚ್ಚಬೇಕಾದರೆ ಹ್ಯಾಂಡ್‌ಬ್ರೇಕನ್ನೂ ಸಡಿಲ ಬಿಡಬೇಕು. ಆಗ ಗಾಡಿಯನ್ನು ಹಿಡಿಯುವುದು ಮುಂದಿನ ಗಾಲಿಗಳಿಗೆ ಕೊಟ್ಟ ಅಡ್ಡ ಮಾತ್ರ. ಮಾರುತಿ 800ರಲ್ಲಿ ಎಳೆತ ಮುಂದಿನ ಗಾಲಿಗೆ. ಅದರ ಮುಂಭಾಗ ಎತ್ತಿದಾಗ ಗೇರಿನ ಹಿಡಿತ ಹೋಗುತ್ತದೆ. ಹಿಂದಿನ ಗಾಲಿಗೆ ಅಡ್ಡ ಬೇಕು. ಲೆಕ್ಕ ಇಷ್ಟೇ: ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೂ ಮುಂದೂ ಕಟ್ಟಿಗೆಯ ತುಂಡು ಒತ್ತಿ ಇಡಬೇಕು. ಉರುಟು ಕಲ್ಲು ಜಾರುತ್ತದೆ.

ಗಾಲಿ ಬಿಚ್ಚುವುದಿದ್ದರೆ ನಟ್ಟುಗಳನ್ನು ಗಾಡಿ ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಜಗ್ಗಾಡಬಾರದು.

ತುಕ್ಕು ಒಳಗಿರುತ್ತದೆ

ಹಳೆ ಗಾಡಿಯ ಬಾಗಿಲ ಕೆಳಗಿನ ಪಟ್ಟಿ ಹೊರಗೆ ಬಣ್ಣ ಬಳಿದುಕೊಂಡು ಚೆಂದ ಕಾಣುತ್ತದೆ. ಒಳಗೆ ನೀರು ನಿಂತು ತುಕ್ಕು ತಿಂದಿರುತ್ತದೆ. ಜಾಕ್ ಹಚ್ಚುವ ಮೊದಲು ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ಹಿಡಿದದ್ದು ಮಂದವಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಅಂಥಲ್ಲಿ ಜಾಕ್ ಇಟ್ಟರೆ ಗಾಡಿ ಏಳುವುದಿಲ್ಲ, ಜಾಕೇ ಒಳಗೆ ಹೋಗುತ್ತದೆ. ಅಂಬಾಸಿಡರ್, ಪದ್ಮಿನಿಗಳ ಹಿಂಭಾಗದಲ್ಲಿ ಪಾಟಾದ ಹತ್ತಿರ ಎಕ್ಸಲ್ಲಿನ ಕೊಳವೆ ಗಟ್ಟಿ ಜಾಗ. ಇಂಜಿನ್ನಿನ ಆಯಿಲ್ ಚೇಂಬರ್, ಗೇರ್‌ಬಾಕ್ಸ್, ಸ್ಟೇರಿಂಗಿನ ರಾಡುಗಳ ಕೆಳಗೆ ಎಂದೂ ಹಚ್ಚಬೇಡಿ.

‘ಘೋಡಿ’ ಇಲ್ಲದೆ ಕೆಳಗೆ ಹೋಗಬೇಡಿ

ಅಂಗಡಿಯಲ್ಲಿ ‘ಜಾಕ್ ಸ್ಟ್ಯಾಂಡ್’ ಎಂದು ಸಿಗುವ ಕಬ್ಬಿಣದ ಊರೆಗೆ ಘೋಡಿ ಎಂದೂ ಹೇಳುತ್ತಾರೆ. ಇದರಲ್ಲಿ ಎಣ್ಣೆ ಇಲ್ಲ, ಸೀಲು ಇಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಕೂಡುತ್ತದೆ. ಜೋಡಿಯಾಗಿ ಕೊಳ್ಳಿ. ಎಷ್ಟು ಟನ್ ಎಂದು ಬರೆದದ್ದು ಒಂದಕ್ಕೋ, ಜೋಡಿಗೋ ಎಂದು ಕೇಳಿ ತಿಳಿಯಿರಿ. ಗಾಡಿ ಎತ್ತಿ, ಗಟ್ಟಿ ಜಾಗದ ಕೆಳಗೆ ಘೋಡಿ ಕೊಟ್ಟು, ಪಿನ್ನು ಪೂರ್ತಿ ಕೂತಿದೆಯೇ ನೋಡಿ, ಜಾಕನ್ನು ಮೆಲ್ಲಗೆ ಇಳಿಸಿ ಭಾರ ಘೋಡಿಯ ಮೇಲೆ ಕೂಡಿಸಬೇಕು. ಆಮೇಲೆ ಹೊರಗೆ ನಿಂತು ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಬೇಕು. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಗಾಲಿಯನ್ನು ಗಾಡಿಯ ಬದಿಯ ಕೆಳಗೆ ಅಡ್ಡ ಮಲಗಿಸಿಡಿ. ಘೋಡಿ ಜಾರಿದರೂ ಒಂದು ಗೇಣು ಜಾಗ ಉಳಿಯುತ್ತದೆ.

ಇಟ್ಟಂಗಿಯ ಗುಡ್ಡೆ, ಸಿಮೆಂಟಿನ ಟೊಳ್ಳು ಬ್ಲಾಕು ಘೋಡಿ ಆಗಲಾರವು. ಗೋಡೆಯಲ್ಲಿ ಹರಡಿದ ಭಾರ ಹೊರುವ ಇಟ್ಟಂಗಿ, ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಸೀಳುತ್ತದೆ.

ಮಕ್ಕಳನ್ನು ದೂರ ಇಡಿ. ಕೂಗಿದರೆ ಕೇಳುವಷ್ಟು ಹತ್ತಿರ ಒಬ್ಬರು ದೊಡ್ಡವರು ಇರಲಿ, ಅವರಿಗೆ ಜಾಕ್ ಹಚ್ಚಲು ಬರುತ್ತಿರಲಿ. ಅವಘಡವಾದರೆ ಸಿಕ್ಕಿದವನ ಕೈಕಾಲು ಹಿಡಿದು ಎಳೆಯದೆ ಮೊದಲು ಗಾಡಿ ಎತ್ತಬೇಕು. ಆಂಬುಲೆನ್ಸಿಗೆ ಗಡಿಯ ಆಚೆ ಈಚೆ ಎರಡೂ ಕಡೆ ಸಂಖ್ಯೆ ಒಂದೇ: 108.

ನೊಗಕ್ಕೆ ಊರುಗೋಲು ಕೊಡದೆ ಬಂಡಿಯ ಕೀಲಿಗೆ ಎಣ್ಣೆ ಹಾಕಿದ ರೈತನಿಲ್ಲ. ಆ ಬುದ್ಧಿ ಕಾರಿಗೂ ಬೇಕು. ಒಬ್ಬರಿಗೇ ಘೋಡಿಯ ಜೋಡಿ ಕೊಳ್ಳುವುದು ಭಾರ ಅನಿಸಿದರೆ ಓಣಿಯ ನಾಲ್ಕು ಮನೆಯವರು ಕೂಡಿ ಕೊಳ್ಳಬಹುದು. ಏಣಿ, ಔಷಧ ಹೊಡೆಯುವ ಪಂಪು ಎರವಲು ಕೊಟ್ಟು ತಂದು ರೂಢಿ ಇದ್ದವರಿಗೆ ಇದೇನು ಹೊಸದಲ್ಲ.