ಮೊಣಕಾಲಿನ ಜಾಡು ತಪ್ಪಿದಾಗ

ಹುಮನಾಬಾದ್ ತಾಲ್ಲೂಕಿನ ಹುಡಗಿಯಂಥ ಊರಲ್ಲಿ ಕಬಡ್ಡಿ ಆಡುತ್ತ ಮೊಣಕಾಲು ತಿರುಚಿ ಎಸಿಎಲ್ ಹರಿದುಕೊಂಡವರು ಆಪರೇಷನ್ನಿಗೆ ಬೀದರಿಗೋ ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ಆಪರೇಷನ್ ಒಂದೆರಡು ತಾಸಿನ ಕೆಲಸ. ಆಮೇಲಿನ ಎಂಟೊಂಬತ್ತು ತಿಂಗಳು ಕಳೆಯುವುದು ಮನೆಯ ಪಡಸಾಲೆಯಲ್ಲಿ. ಮೂಳೆಯ ತುದಿಗಿರುವ ನುಣುಪು ಹೊದಿಕೆ, ಅಂದರೆ ಮೃದ್ವಸ್ಥಿ, ಉಳಿಯುವುದರಲ್ಲಿ ಈ ತಿಂಗಳುಗಳ ಪಾಲು ದೊಡ್ಡದು.

ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಗದಂತೆ ಹಿಡಿದಿಡುವ ಪಟ್ಟಿಯೇ ಎಸಿಎಲ್. ಅದು ಹರಿದರೆ ವೈದ್ಯರು ಸಾಮಾನ್ಯವಾಗಿ ರೋಗಿಯದೇ ತೊಡೆಯ ಹಿಂಭಾಗದಿಂದ ಅಥವಾ ಮಂಡಿಚಿಪ್ಪಿನ ಕೆಳಗಿನಿಂದ ಸ್ನಾಯುರಜ್ಜು ತೆಗೆದು ಆ ಜಾಗದಲ್ಲಿ ಕೂರಿಸುತ್ತಾರೆ. ಮೂಳೆ ಮುಂದಕ್ಕೆ ಜಾರುವುದು ಇದರಿಂದ ಬಹುಪಾಲು ನಿಲ್ಲುತ್ತದೆ. ತಿರುಗುವ ಚಲನೆ ಮಾತ್ರ ಅಷ್ಟು ಸುಲಭಕ್ಕೆ ಮೊದಲಿನಂತಾಗದು. 2004ರಲ್ಲಿ ಅಮೆರಿಕದ ಸ್ಕಾಟ್ ಟ್ಯಾಶ್‌ಮನ್ ಮತ್ತು ಸಂಗಡಿಗರು ಆಪರೇಷನ್ ಆದ ಆರು ಮಂದಿಯನ್ನು ಓಡಿಸಿ, ಸೆಕೆಂಡಿಗೆ 250ರಂತೆ ಎಕ್ಸ್‌ರೇ ಚಿತ್ರ ತೆಗೆದರು. ಆಪರೇಷನ್ ಆದ ಕಾಲಿನ ಕೆಳಮೂಳೆ ಇನ್ನೊಂದು ಕಾಲಿನದಕ್ಕಿಂತ ಸರಾಸರಿ 3.8 ಡಿಗ್ರಿ ಹೊರಕ್ಕೆ ತಿರುಗಿತ್ತು.

ಇಷ್ಟು ಸಣ್ಣ ವ್ಯತ್ಯಾಸ ಬರಿಗಣ್ಣಿಗೆ ಕಾಣದು. ಆದರೆ ಮೃದ್ವಸ್ಥಿಯ ಲೆಕ್ಕವೇ ಬೇರೆ. ಎರೆಹೊಲದಲ್ಲಿ ಬಂಡಿ ಓಡಾಡಿದ ಜಾಡು ಗಟ್ಟಿಯಾಗಿರುತ್ತದೆ, ಗಾಲಿ ಒಂದು ಗೇಣು ಪಕ್ಕಕ್ಕೆ ಸರಿದರೆ ಹೂತುಕೊಳ್ಳುತ್ತದೆ. ಹಾಗೆಯೇ ದಿನವೂ ಭಾರ ಹೊರುವ ಜಾಗದಲ್ಲಿ ಮೃದ್ವಸ್ಥಿ ದಪ್ಪವಾಗಿ ಬೆಳೆದಿರುತ್ತದೆ. ಭಾರ ಪಕ್ಕಕ್ಕೆ ಸರಿದಾಗ ರೂಢಿಯಿಲ್ಲದ ಭಾಗ ಸವೆಯತೊಡಗುತ್ತದೆ ಎಂಬುದು ಸ್ಟ್ಯಾನ್‌ಫರ್ಡಿನ ಥಾಮಸ್ ಆಂಡ್ರಿಯಾಕಿ ಅವರ ವಾದ. ಎಸಿಎಲ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10ರಿಂದ 20 ವರ್ಷಗಳಲ್ಲಿ ಮಂಡಿಸವೆತ ಕಾಣಿಸಿಕೊಳ್ಳುತ್ತದೆ. ಪೆಟ್ಟು ಬಿದ್ದ ಕ್ಷಣದ ಹಾನಿಯೂ, ಜೊತೆಗೆ ಹರಿದ ಮೆನಿಸ್ಕಸ್ಸೂ, ಅಂದರೆ ಮೊಣಕಾಲಿನ ಮೂಳೆಗಳ ನಡುವಿನ ಮೆತ್ತೆಯೂ, ಇದಕ್ಕೆ ಕಾರಣವೇ. ಹದಿನೆಂಟರ ಹುಡುಗನಿಗೆ ಮೂವತ್ತೈದಕ್ಕೇ ಮುದುಕರ ಮೊಣಕಾಲು ಬರುವುದು ನನಗಂತೂ ಸಣ್ಣ ವಿಷಯವೆನಿಸದು.

ಹಾಗೆಂದು ಕಾಲು ಅಲ್ಲಾಡಿಸದೆ ಮಲಗಿಬಿಟ್ಟರೆ ಇನ್ನೂ ಕೆಟ್ಟದ್ದು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಅದರೊಳಗಿನ ನೀರು ಹೊರಬರುತ್ತದೆ, ಭಾರ ಇಳಿದಾಗ ಕೀಲಿನ ದ್ರವ ಒಳಸೇರುತ್ತದೆ. ಅದಕ್ಕೆ ಆಹಾರ ಸಿಗುವುದು ಹೀಗೆ. ಹಿಂದೆ ಇಂಥ ಆಪರೇಷನ್ ಆದವರ ಕಾಲಿಗೆ ವಾರಗಟ್ಟಲೆ ಪ್ಲಾಸ್ಟರ್ ಹಾಕುತ್ತಿದ್ದರು. ಗಾಯಗೊಂಡ ಕೀಲನ್ನು ಆಡಿಸುತ್ತಿದ್ದರೆ ಮೃದ್ವಸ್ಥಿ ಚೆನ್ನಾಗಿ ಮಾಯುತ್ತದೆಂದು ಟೊರಾಂಟೊದ ರಾಬರ್ಟ್ ಸಾಲ್ಟರ್ ಮೊಲಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದರು. ಮೊದಲ ದಿನಗಳಿಂದಲೇ ಮೊಣಕಾಲನ್ನು ಪೂರ್ತಿ ನೀಟಿಸಬೇಕೆಂಬ ಕ್ರಮವನ್ನು ಅಮೆರಿಕದ ಶಸ್ತ್ರವೈದ್ಯ ಡೊನಾಲ್ಡ್ ಶೆಲ್ಬೋರ್ನ್ 1990ರಲ್ಲಿ ಪ್ರಕಟಿಸಿದರು.

ಮನೆಯಲ್ಲಿ ಹೆಚ್ಚಾಗಿ ತಪ್ಪುವುದು ಈ ನೀಟಿಸುವ ಕೆಲಸವೇ. ನೋವಿಗೆ ಹಿತವೆಂದು ಮೊಣಕಾಲಿನ ಕೆಳಗೆ ದಿಂಬಿಡುತ್ತಾರೆ, ಕಾಲು ತುಸು ಬಾಗಿದಂತೆಯೇ ಬಿಗಿಯುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿಯ ಕೆಳಗೆ ಇಡಬೇಕು. ಪರೀಕ್ಷೆಯೂ ಸರಳ: ಮಂಚದ ಮೇಲೆ ಬೋರಲು ಮಲಗಿ ಎರಡೂ ಕೆಳಗಾಲುಗಳನ್ನು ಅಂಚಿನಾಚೆ ಚಾಚಿದರೆ ಹಿಮ್ಮಡಿಗಳು ಸಮನಾಗಿರಬೇಕು. ಒಂದು ಹಿಮ್ಮಡಿ ಒಂದು ಸೆಂಟಿಮೀಟರ್ ಮೇಲಿದ್ದರೆ ಆ ಮೊಣಕಾಲು ಹೆಚ್ಚುಕಡಿಮೆ ಒಂದು ಡಿಗ್ರಿಯಷ್ಟು ನೀಟಾಗಿಲ್ಲ ಎಂದರ್ಥ. ಕುಂಟು ನಡಿಗೆಗೆ ಹೀಗೆ ನೀಟಾಗದ ಮೊಣಕಾಲು ಒಂದು ಬೇರು. ತೊಡೆಯ ಮುಂಭಾಗದ ಸ್ನಾಯು ಸೊರಗಿದರೂ ನಡಿಗೆ ಕೆಡುತ್ತದೆ, ಅದಕ್ಕೆ ಬಲ ಬರಲು ತಿಂಗಳುಗಳ ವ್ಯಾಯಾಮವೇ ಬೇಕು. ಚಕ್ಕಳಮಕ್ಕಳ, ಕುಕ್ಕರಗಾಲು ಯಾವಾಗ ಎಂಬುದನ್ನು ಆಪರೇಷನ್ ಮಾಡಿದವರನ್ನೇ ಕೇಳಬೇಕು, ಮೆನಿಸ್ಕಸ್ ಹೊಲಿದಿದ್ದರಂತೂ ಕಡ್ಡಾಯವಾಗಿ.

ಇನ್ನು ಕಬಡ್ಡಿ. ಕೂರಿಸಿದ ರಜ್ಜು ಮೊದಲ ಕೆಲವು ತಿಂಗಳಲ್ಲಿ ಬಲ ಕಳೆದುಕೊಂಡು ಆಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂಬತ್ತು ತಿಂಗಳವರೆಗೆ ಆಟಕ್ಕಿಳಿಯುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇಕಡಾ 51ರಷ್ಟು ಕಡಿಮೆಯಾಗಿತ್ತು.